ಜಿಮ್‌ಗೆ ಸೇರಿದ್ದೇನೆ, ತೂಕ ಇಳಿಸಬೇಕು, ಸಪ್ಲಿಮೆಂಟ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆಯ ಜಿಮ್‌ಗಳಿಗೆ ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಗಳಿವು. ಉತ್ತರಗಳನ್ನು ನಮ್ಮ ಕಡೆಯ ಊಟ, ನಮ್ಮ ಕಡೆಯ ಮಳೆ, ನಮ್ಮ ಕಡೆಯ ಅಂಗಡಿ ನೋಡಿಯೇ ಬರೆದಿದೆ.

ಮೊದಲು ನೇರವಾಗಿ ಹೇಳಿ. ಸಪ್ಲಿಮೆಂಟ್ ಇಲ್ಲದೆ ತೂಕ ಇಳಿಯುತ್ತದಾ?

ಇಳಿಯುತ್ತದೆ. ಕೊಬ್ಬು ಕರಗುವುದು ತಿಂದದ್ದಕ್ಕಿಂತ ಖರ್ಚು ಹೆಚ್ಚಾದಾಗ ಮಾತ್ರ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 400ರಿಂದ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯುತ್ತದೆ. ಈ ಲೆಕ್ಕವನ್ನು ಬದಲಿಸುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ. ಮೊದಲ ಹತ್ತು ದಿನದಲ್ಲಿ ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು.

ಪ್ರೋಟೀನ್ ಪುಡಿ ಒಂದು ಆಹಾರ, ಮದ್ದಲ್ಲ. ಊಟದಲ್ಲಿ ಪ್ರೋಟೀನ್ ಕಡಿಮೆ ಬೀಳುತ್ತಿದ್ದರೆ ಮಾತ್ರ ಅದಕ್ಕೆ ಕೆಲಸ. ಭಾರ ಎತ್ತುವ ಶಕ್ತಿಗೆಂದು ತೆಗೆದುಕೊಳ್ಳುವ ಕ್ರಿಯೇಟಿನ್ ಬೇಕಾದರೆ ಉಂಟು, ಬೇಡದಿದ್ದರೆ ಇಲ್ಲ. ಉಳಿದ ಹೆಚ್ಚಿನವುಗಳಿಗೆ ಕೊಡುವ ಹಣದಲ್ಲಿ ಮೊಟ್ಟೆ ತರುವುದು ಲೇಸು.

ಹಾಗಾದರೆ ಸೇರಿದ ದಿನವೇ ಟ್ರೇನರ್ ಡಬ್ಬ ಯಾಕೆ ತೋರಿಸುತ್ತಾರೆ?

ಎಷ್ಟೋ ಕಡೆ ಡಬ್ಬ ಮಾರಿದರೆ ಕಮಿಷನ್ ಸಿಗುತ್ತದೆ. ಎಲ್ಲ ಟ್ರೇನರ್‌ಗಳೂ ಹಾಗಲ್ಲ. ಆದರೆ ನಿಮ್ಮ ಊಟ ಏನೆಂದು ಕೇಳದೆ ಡಬ್ಬದ ಹೆಸರು ಹೇಳುವವರ ಮಾತನ್ನು ಸ್ವಲ್ಪ ಸೋಸಿಕೊಳ್ಳಿ.

ಇನ್ನೊಂದು ಎಡವಟ್ಟು ಮಾಸ್ ಗೇನರ್‌ನದು. ಡಬ್ಬ ದೊಡ್ಡದು, ಕಿಲೋ ಲೆಕ್ಕದಲ್ಲಿ ಅಗ್ಗ, ಮೇಲೆ ‘ಪ್ರೋಟೀನ್’ ಎಂದು ದಪ್ಪಕ್ಷರ. ತೂಕ ಇಳಿಸಲು ಬಂದವರು ಇದನ್ನೇ ಎತ್ತಿಕೊಂಡು ಹೋಗುವುದುಂಟು. ಅದರಲ್ಲಿ ಮುಕ್ಕಾಲು ಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಸಕ್ಕರೆಯಾಗುವ ಪಿಷ್ಟ. 100 ಗ್ರಾಂ ಪುಡಿಗೆ 380 ಕ್ಯಾಲೊರಿಯ ಹತ್ತಿರ. ಹೆಸರೇ ಹೇಳುವ ಹಾಗೆ ಅದು ತೂಕ ಏರಿಸುವ ವಸ್ತು.

ನನಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?

ಸಾಮಾನ್ಯ ಆರೋಗ್ಯವಂತರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ಕಿಲೋ ತೂಕಕ್ಕೆ 0.83 ಗ್ರಾಂ. ಊಟ ಕಡಿಮೆ ಮಾಡಿ ಭಾರವನ್ನೂ ಎತ್ತುವವರು 1.2ರಿಂದ 1.6 ಗ್ರಾಂ ಇಟ್ಟುಕೊಂಡರೆ ಸ್ನಾಯು ಉಳಿದು ಕೊಬ್ಬು ಹೋಗುತ್ತದೆ, ಹಸಿವೂ ಹಿಡಿತದಲ್ಲಿರುತ್ತದೆ. ಲೆಕ್ಕ ಹಾಕುವಾಗ ಈಗಿನ ತೂಕ ಹಿಡಿಯಬೇಡಿ, ತಲುಪಬೇಕಾದ ತೂಕ ಹಿಡಿಯಿರಿ. 168 ಸೆಂಟಿಮೀಟರ್ ಎತ್ತರ, 82 ಕಿಲೋ ತೂಕದವರ ಬಿಎಂಐ (ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ) 29. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. ಇವರು 70 ಕಿಲೋ ಗುರಿಯಿಟ್ಟರೆ ದಿನಕ್ಕೆ 85ರಿಂದ 110 ಗ್ರಾಂ. ಹೊಸಬರು 85–90ಕ್ಕೆ ಮುಟ್ಟಿದರೆ ಧಾರಾಳ ಸಾಕು.

ಮೀನು, ಮೊಟ್ಟೆ ತಿನ್ನುತ್ತೇನೆ. ನನಗೂ ಪುಡಿ ಬೇಕಾ?

ಬೇಡ. ಲೆಕ್ಕ ನೋಡಿ. ಬೆಳಿಗ್ಗೆ ಮೂರು ನೀರುದೋಸೆ, ಎರಡು ಬೇಯಿಸಿದ ಮೊಟ್ಟೆ: 16 ಗ್ರಾಂ. ಮಧ್ಯಾಹ್ನ 200 ಗ್ರಾಂ ಬೆಂದ ಕುಚ್ಚಿಲು ಅನ್ನ, ಎರಡು ಬಂಗುಡೆ (ತಲೆ, ಮುಳ್ಳು ಕಳೆದು 130 ಗ್ರಾಂ ಮಾಂಸ), ಒಂದು ಹಿಡಿ ಹೆಸರುಕಾಳಿನ ಪಲ್ಯ: 37 ಗ್ರಾಂ. ಸಂಜೆ ಒಂದು ದೊಡ್ಡ ಲೋಟ ಮೊಸರು, 40 ಗ್ರಾಂ ಕಡ್ಲೆ ಬೇಯಿಸಿದ್ದು: 14 ಗ್ರಾಂ. ರಾತ್ರಿ ಎರಡು ಚಪಾತಿ, ಎಲುಬಿಲ್ಲದ 100 ಗ್ರಾಂ ಕೋಳಿ: 27 ಗ್ರಾಂ. ಒಟ್ಟು 94. ಡಬ್ಬಕ್ಕೆ ಇಲ್ಲಿ ಜಾಗವೇ ಇಲ್ಲ.

ಬಡವರ ಮೀನು ಎಂದು ಬದಿಗಿಡುವ ಬೂತಾಯಿಯಲ್ಲೂ 100 ಗ್ರಾಂಗೆ 20 ಗ್ರಾಂ ಆಸುಪಾಸು ಪ್ರೋಟೀನ್ ಉಂಟು, ಜತೆಗೆ ಒಮೆಗಾ-3 ಕೊಬ್ಬು. ಮೀನೆಣ್ಣೆಯ ಕ್ಯಾಪ್ಸೂಲಿಗೆ ಬೇರೆ ದುಡ್ಡು ಹಾಕಬೇಕಾಗಿಲ್ಲ. ಹಾಳಾಗುವುದು ಹುರಿಯುವಾಗ. ಅಕ್ಕಿಹಿಟ್ಟು ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಹಿಟ್ಟು ಎಣ್ಣೆ ಕುಡಿದು ಮೀನಿನ ಕ್ಯಾಲೊರಿಯಷ್ಟೇ ಮೇಲಿನಿಂದ ಸೇರಿಬಿಡುತ್ತದೆ. ಹಿಟ್ಟಿಲ್ಲದೆ, ಕಾವಲಿಯಲ್ಲಿ ಒಂದು ಟೀ ಚಮಚ ಎಣ್ಣೆ ಹಾಕಿ, ಮುಚ್ಚಿ ಬೇಯಿಸಿ.

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಆ ಹೊತ್ತಿಗೆ ಮೀನಿನ ರೇಟು ಏರಿ ಊಟದ ಲೆಕ್ಕ ತಪ್ಪುವುದು ಇಲ್ಲಿ ಮಾಮೂಲು. ಒಣಮೀನಿನಿಂದ ತುಂಬಿಸಲು ಹೋದರೆ ಉಪ್ಪು ಹೆಚ್ಚಾಗುತ್ತದೆ, ಬಿಪಿ ಇದ್ದವರಿಗೆ ಅದು ಆಗದು. ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಕಡ್ಲೆ ಹೆಚ್ಚಿಸಿ.

ನಾವು ಪೂರ್ತಿ ಸಸ್ಯಾಹಾರಿಗಳು. ನಮ್ಮ ಮನೆಯ ಊಟದಲ್ಲಿ 85 ಗ್ರಾಂ ಆಗುತ್ತದಾ?

ಕಷ್ಟ, ಆದರೆ ಆಗದ್ದಲ್ಲ. ಅನ್ನ, ಸೌತೆಕಾಯಿ ಹುಳಿ, ತಂಬುಳಿ, ನೀರು ಮಜ್ಜಿಗೆ ಇರುವ ಊಟದಲ್ಲಿ ಪ್ರೋಟೀನ್ 10 ಗ್ರಾಂ ದಾಟುವುದಿಲ್ಲ. ಸಾಂಬಾರಿನಲ್ಲಿ ಬೇಳೆ ಉಂಟಲ್ಲ ಎನ್ನುತ್ತಾರೆ. ಐದು ಜನರ ಸಾಂಬಾರಿಗೆ ಒಂದು ಸಣ್ಣ ಲೋಟ ಬೇಳೆ ಹಾಕಿದರೆ ಒಬ್ಬರ ಪಾಲಿಗೆ ಬರುವುದು 20–25 ಗ್ರಾಂ ಬೇಳೆ, ಅಂದರೆ ಐದು ಗ್ರಾಂ ಪ್ರೋಟೀನ್. ತೆಂಗಿನಕಾಯಿಯಲ್ಲಿ ಪ್ರೋಟೀನ್ ಇದೆಯೆಂಬ ನಂಬಿಕೆಯೂ ಉಂಟು: 100 ಗ್ರಾಂ ತುರಿಯಲ್ಲಿ 3 ಗ್ರಾಂ ಪ್ರೋಟೀನ್, 350 ಕ್ಯಾಲೊರಿ.

ಹೀಗೆ ಹೊಂದಿಸಿ. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ಅರೆದ ದೋಸೆ, ಒಂದು ಲೋಟ ಹಾಲು: 22. ಮಧ್ಯಾಹ್ನ 200 ಗ್ರಾಂ ಅನ್ನ, 40 ಗ್ರಾಂ ಬೇಳೆಯ ಗಟ್ಟಿ ತೊವ್ವೆ, 200 ಗ್ರಾಂ ಮೊಸರು: 20. ಸಂಜೆ 50 ಗ್ರಾಂ ಹುರುಳಿ ಅಥವಾ ಕಡ್ಲೆಯ ಉಸ್ಲಿ: 10. ರಾತ್ರಿ ಎರಡು ಚಪಾತಿ, 40 ಗ್ರಾಂ ಒಣ ಸೋಯಾ ಚಂಕ್ಸ್‌ನ ಪಲ್ಯ: 26. ಒಟ್ಟು 78. ಒಂದು ಹಿಡಿ ನೆಲಕಡಲೆ ಸೇರಿಸಿದರೆ 83ರ ಹತ್ತಿರ. ನೆಲಕಡಲೆ 20 ಗ್ರಾಂ ಮಾತ್ರ, ಅದರಲ್ಲಿ ಅರ್ಧದಷ್ಟು ಎಣ್ಣೆಯೇ.

ಸೋಯಾ ಆಗುವುದಿಲ್ಲ, ವಾಸನೆ ಹಿಡಿಸುವುದಿಲ್ಲ ಎನ್ನುವವರಿಗೆ ಲೆಕ್ಕ 60ರ ಹತ್ತಿರಕ್ಕೆ ಕುಸಿಯುತ್ತದೆ. ಪುಡಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಹಾಲಿನಿಂದ ತೆಗೆದ ‘ವೇ’ ಪ್ರೋಟೀನ್ ಪುಡಿ ಒಂದು ಸ್ಕೂಪ್ (ಡಬ್ಬದ ಅಳತೆ ಚಮಚ) 24 ಗ್ರಾಂ ಕೊಟ್ಟು ಕೇವಲ 120 ಕ್ಯಾಲೊರಿ ತರುತ್ತದೆ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದೇಹ ಬೆಳೆಸಲು ಪ್ರೋಟೀನ್ ಪುಡಿಯೇ ಬೇಡ ಎಂದಿದೆ. ಎಲ್ಲರಿಗೂ ಹೇಳುವ ಮಾತಾಗಿ ಅದು ಸರಿ. ಆದರೆ ಊಟ ಕಡಿಮೆ ಮಾಡಿಕೊಂಡ ಸಸ್ಯಾಹಾರಿಗೆ ದಿನಕ್ಕೊಂದು ಸ್ಕೂಪ್ ತಪ್ಪೆಂದು ನಮಗೆ ಅನಿಸುವುದಿಲ್ಲ. ವಾರ ಪೂರ್ತಿ ತಿಂದದ್ದನ್ನು ಬರೆದಿಟ್ಟು, ಕೊರತೆ ಕಂಡ ಮೇಲೆ ತನ್ನಿ.

ವೇ ತೆಗೆದುಕೊಳ್ಳುವುದಾದರೆ ಹೇಗೆ? ಎಲ್ಲಿ ತಪ್ಪುತ್ತದೆ?

ಹಾಲು ಒಡೆದಾಗ ಪನೀರಿನಿಂದ ಬೇರೆಯಾಗುವ ತಿಳಿನೀರನ್ನು ಸೋಸಿ ಒಣಗಿಸಿದ್ದೇ ವೇ. ಕಾನ್ಸಂಟ್ರೇಟ್‌ನಲ್ಲಿ 70–80 ಶೇಕಡಾ ಪ್ರೋಟೀನ್, ಐಸೊಲೇಟ್‌ನಲ್ಲಿ 90ರ ಹತ್ತಿರ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಐಸೊಲೇಟ್ ಆಗುತ್ತದೆ, ಅದರಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ತೀರಾ ಕಡಿಮೆ. ಉಳಿದವರು ಹೆಚ್ಚು ಹಣ ಕೊಡಬೇಕಾಗಿಲ್ಲ.

ಮೊದಲು 200 ಮಿಲಿ ತಣ್ಣೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ಶೇಕರಿನ ತಳದಲ್ಲಿ ಅಂಟಿ ಗಂಟು ಕಟ್ಟುತ್ತದೆ. ಬಿಸಿ ಹಾಲಿಗೆ ಹಾಕಬೇಡಿ, ಮೊಟ್ಟೆಯ ಬಿಳಿ ಬೆಂದ ಹಾಗೆ ಎಳೆ ಎಳೆಯಾಗುತ್ತದೆ. ವಿಷವೇನೂ ಆಗುವುದಿಲ್ಲ, ಕುಡಿಯಲು ಆಗುವುದಿಲ್ಲ ಅಷ್ಟೆ. ಮೊದಲ ವಾರ ಅರ್ಧ ಸ್ಕೂಪ್. ಜಿಮ್ ಮುಗಿದು ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ವ್ಯರ್ಥ ಎಂಬ ಮಾತಿಗೆ ಹೆದರಬೇಡಿ. ದಿನದ ಒಟ್ಟು ಮೊತ್ತವೇ ಮುಖ್ಯ.

ತೂಕ ಇಳಿಯದೆ ನಿಲ್ಲುವುದು ಹೆಚ್ಚಾಗಿ ಹೀಗೆ: ಎಂದಿನ ಊಟ ಎಂದಿನಷ್ಟೇ, ಮೇಲಿನಿಂದ ಸ್ಕೂಪ್, ಅದೂ ಹಾಲಿನಲ್ಲಿ, ಜತೆಗೊಂದು ಬಾಳೆಹಣ್ಣು. 120 ಇದ್ದದ್ದು 400 ಕ್ಯಾಲೊರಿ ಆಯಿತು. ಸ್ಕೂಪ್ ಸೇರಿದರೆ ಊಟದಿಂದ ಅಷ್ಟು ಏನಾದರೂ ಹೋಗಬೇಕು. ಮಲಬದ್ಧತೆ ಪುಡಿಯಿಂದ ಬರುವುದಲ್ಲ, ಪುಡಿ ಬಂದ ಮೇಲೆ ಬಸಳೆ, ಹರಿವೆ, ತೊಂಡೆಕಾಯಿ ಪಲ್ಯ ಬಿಟ್ಟದ್ದರಿಂದ ಬರುತ್ತದೆ.

ಮಳೆಗಾಲದಲ್ಲಿ ಡಬ್ಬದ ಬಗ್ಗೆ ಜಾಗ್ರತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಉಪ್ಪೂ ನೀರಾಗುತ್ತದೆ, ಪುಡಿ ಬಿಡುತ್ತದಾ? ಒದ್ದೆ ಸ್ಕೂಪ್ ಒಳಗೆ ಹಾಕಬೇಡಿ, ಒಲೆಯ ಪಕ್ಕ ಇಡಬೇಡಿ, ಒಳಗಿರುವ ಸಿಲಿಕಾ ಚೀಲ ಎಸೆಯಬೇಡಿ. ಐದು ಕಿಲೋ ಡಬ್ಬ ಅಗ್ಗವೆಂದು ಮೇ ತಿಂಗಳಲ್ಲಿ ತರಬೇಡಿ, ಒಂದು ಕಿಲೋದ್ದು ಸಾಕು. ಗಂಟು ಬೆರಳಿಗೆ ಪುಡಿಯಾದರೆ ತೊಂದರೆಯಿಲ್ಲ. ಗಟ್ಟಿ ಕಲ್ಲಾಗಿ, ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಹಣದ ಲೆಕ್ಕದಲ್ಲಿ ಯಾವುದು ಲಾಭ?

ಬೆಲೆಯನ್ನು ಪ್ರೋಟೀನಿನ ಗ್ರಾಂನಿಂದ ಭಾಗಿಸಿ. ಮೊಟ್ಟೆಗೆ 7 ರೂಪಾಯಿ ಎಂದಿಟ್ಟುಕೊಂಡರೆ 6 ಗ್ರಾಂ ಸಿಗುತ್ತದೆ, ಗ್ರಾಂಗೆ 1 ರೂಪಾಯಿ 17 ಪೈಸೆ. ಕಿಲೋಗೆ 2,500 ರೂಪಾಯಿಯ ವೇ ಪುಡಿಯಲ್ಲಿ 750 ಗ್ರಾಂ ಪ್ರೋಟೀನ್ ಇದ್ದರೆ ಗ್ರಾಂಗೆ 3 ರೂಪಾಯಿ 33 ಪೈಸೆ. 200 ಗ್ರಾಂ ಸೋಯಾ ಪ್ಯಾಕೆಟಿಗೆ 50 ರೂಪಾಯಿಯಾದರೆ ಗ್ರಾಂಗೆ 50 ಪೈಸೆಯೂ ಬೀಳುವುದಿಲ್ಲ. ಇವತ್ತಿನ ರೇಟು ಹಾಕಿ ನೀವೇ ನೋಡಿ.

ಗಂಜಿ ಊಟ ಬಿಡಬೇಕಾ?

ಯಾಕೆ ಬಿಡಬೇಕು? ಗಂಜಿಯಲ್ಲಿ ಅರ್ಧಕ್ಕರ್ಧ ನೀರು, ಹೊಟ್ಟೆ ತುಂಬುತ್ತದೆ. ಬೆಳ್ತಿಗೆ ಅನ್ನಕ್ಕೂ ಕುಚ್ಚಿಲಿಗೂ ಕ್ಯಾಲೊರಿಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಗಂಜಿಗೆ ಉಪ್ಪಿನಕಾಯಿ ಮಾತ್ರ ನೆಂಚಿಕೊಂಡರೆ ಎರಡು ಗಂಟೆಗೆ ಮತ್ತೆ ಹಸಿವು. ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇದ್ದರೆ ತಡೆಯುತ್ತದೆ.

ನಿಜವಾಗಿ ನೋಡಬೇಕಾದದ್ದು ಎಣ್ಣೆ. ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ತೆಂಗಿನೆಣ್ಣೆ ಹತ್ತು ದಿನಕ್ಕೆ ಮುಗಿದರೆ ಒಬ್ಬರ ಪಾಲಿಗೆ ದಿನಕ್ಕೆ 25 ಮಿಲಿ, 200 ಕ್ಯಾಲೊರಿಗೂ ಮೇಲೆ. ಇಪ್ಪತ್ತು ದಿನ ಬರುವ ಹಾಗೆ ಮಾಡಿದರೆ ಬೇರೆ ಏನೂ ಮಾಡದೆ ನೂರು ಕ್ಯಾಲೊರಿ ಕಡಿಮೆ. ಸಂಜೆಯ ಚಾಯದ ಜತೆ ನೇಂದ್ರ ಚಿಪ್ಸ್ 50 ಗ್ರಾಂ ಎಂದರೆ 250ಕ್ಕೂ ಹೆಚ್ಚು. ಪೊರೋಟ ಒಂದಕ್ಕೆ ಸುಮಾರು 300. ಜಿಮ್‌ನ ಒಂದು ಗಂಟೆಯಲ್ಲಿ ಸುಡುವುದೂ ಅಷ್ಟೇ.

ಫ್ಯಾಟ್ ಬರ್ನರ್ ಮಾತ್ರೆ ಕೆಲಸ ಮಾಡುತ್ತದಾ?

ಬಹಳ ಮಾರಾಟವಾಗುವ ಒಂದನ್ನು ಹತ್ತಿರದಿಂದ ನೋಡೋಣ. ‘ಗಾರ್ಸಿನಿಯಾ ಕಾಂಬೋಜಿಯಾ’ ಎಂದು ಲೇಬಲ್‌ನಲ್ಲಿ ಬರೆದಿರುವುದು ಬೇರೆ ಯಾವುದೂ ಅಲ್ಲ, ಮೀನು ಸಾರಿಗೆ ಹಾಕುವ ಹೊಗೆ ಬಡಿದ ಕರಿ ಕುಡಂಪುಳಿ. ಘಟ್ಟದ ಕಡೆ ಉಪ್ಪಾಗೆ ಎನ್ನುವುದೂ ಇದನ್ನೇ. ಶರಬತ್ತಿನ ಪುನರ್ಪುಳಿ ಇದರ ದಾಯಾದಿ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬಾಗುವುದನ್ನು ತಡೆಯುತ್ತದೆ ಎಂಬುದು ಮಾರುವವರ ವಾದ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು. ದಿನಕ್ಕೆ 1,500 ಮಿಲಿಗ್ರಾಂ ಆಮ್ಲ ತಿಂದವರು 3.2 ಕಿಲೋ ಇಳಿದರು, ಬರೀ ಹುಸಿ ಮಾತ್ರೆ ತಿಂದವರು 4.1 ಕಿಲೋ. ಮೇಲಾಗಿ ಇಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಸಾರಿಗೆ ಎರಡು ಎಸಳು ಹಾಕಿ, ಅದರಿಂದ ತೊಂದರೆಯಿಲ್ಲ.

ಗ್ರೀನ್ ಟೀ ಕುಡಿಯಬಹುದು. ಅದರ ಸಾರ ತುಂಬಿದ ಮಾತ್ರೆ ಬೇರೆ ವಿಷಯ: ಆ ಸಾರದಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರಬಹುದೆಂದು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಹೇಳಿತು.

ಲೇಬಲ್ ಇಲ್ಲದೆ ಪೊಟ್ಟಣದಲ್ಲಿ ಕೊಡುವ ‘ಗಿಡಮೂಲಿಕೆ’ ಪುಡಿ ಇದಕ್ಕಿಂತ ಅಪಾಯ. ಹದಿನೈದು ದಿನದಲ್ಲಿ ಹಸಿವೇ ಸತ್ತು ಹೋದರೆ, ಎದೆ ಡವಗುಟ್ಟಿದರೆ, ರಾತ್ರಿ ನಿದ್ದೆ ಬಾರದಿದ್ದರೆ ಒಳಗೆ ಬೇರೆ ಮದ್ದು ಬೆರೆಸಿರಬಹುದು. ಹೃದಯಕ್ಕೆ ಅಪಾಯವೆಂದು ಭಾರತದಲ್ಲಿ 2011ರಲ್ಲಿ ನಿಷೇಧಿಸಿದ, ಹಸಿವು ಅಡಗಿಸುವ ಸಿಬುಟ್ರಮಿನ್ ಇಂಥ ವಸ್ತುಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದ ಮದ್ದು. ಹಾಗಾದರೆ ನಿಲ್ಲಿಸಿ, ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.

ವ್ಯಾಯಾಮಕ್ಕೆ ಮೊದಲು ಕುಡಿಯುವ ಪುಡಿ (ಪ್ರೀ ವರ್ಕೌಟ್) ಕುಡಿದರೆ ಮೈ ತುರಿಸುತ್ತದೆ. ಅಲರ್ಜಿಯಾ?

ಮುಖ, ಕಿವಿ, ಬೆರಳು ಜುಮುಜುಮು ಎಂದರೆ ಹೆಚ್ಚಾಗಿ ಅದು ಆ ಪುಡಿಯಲ್ಲಿ ಸೇರಿಸುವ ಬೀಟಾ ಅಲನಿನ್‌ನ ಕೆಲಸ, ಒಂದು ಗಂಟೆಯಲ್ಲಿ ಹೋಗುತ್ತದೆ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಮಾತ್ರ ಅಲರ್ಜಿ, ಕಾಯದೆ ಆಸ್ಪತ್ರೆಗೆ ಹೋಗಿ.

ಆ ಡಬ್ಬದ ಜೀವಾಳ ಕೆಫೀನ್. ಒಂದು ಸ್ಕೂಪಿನಲ್ಲಿ 150ರಿಂದ 300 ಮಿಲಿಗ್ರಾಂ. ಆರೋಗ್ಯವಂತರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿತಿ. ಅರ್ಧ ಗಂಟೆ ಮೊದಲು ಒಂದು ಲೋಟ ಕಟ್ಟನ್ (ಹಾಲಿಲ್ಲದ) ಕಾಫಿ, ಸಕ್ಕರೆಯಿಲ್ಲದೆ, ಹೊಸಬರಿಗೆ ಬೇಕಾದಷ್ಟಾಯಿತು. ಸಂಜೆ ಏಳಕ್ಕೆ ಜಿಮ್‌ಗೆ ಹೋಗುವವರಿಗೆ ಅದೂ ಬೇಡ. ನಿದ್ದೆ ಕೆಟ್ಟರೆ ಮರುದಿನ ಹಸಿವು ಹೆಚ್ಚುತ್ತದೆ.

ಕ್ರಿಯೇಟಿನ್?

ಭಾರ ಎತ್ತುವ ಶಕ್ತಿಗೆ ಒಳ್ಳೆಯ ಆಧಾರವಿರುವ ಕೆಲವೇ ವಸ್ತುಗಳಲ್ಲಿ ಇದೊಂದು. ಮಾಂಸ, ಮೀನು ತಿನ್ನದವರ ಸ್ನಾಯುವಿನಲ್ಲಿ ಇದು ಕಡಿಮೆ ಇರುವುದರಿಂದ ಅವರಿಗೆ ಗುಣ ಹೆಚ್ಚು ಕಾಣುತ್ತದೆ. ಕ್ರಿಯೇಟಿನ್ ಮಾನೋಹೈಡ್ರೇಟ್ ಎಂದು ಬರೆದದ್ದು ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ವಾರವಿಡೀ 20 ಗ್ರಾಂ ‘ಲೋಡಿಂಗ್’ ಮಾಡಬೇಕಾಗಿಲ್ಲ, ಹೊಟ್ಟೆ ಕೆಡುತ್ತದೆ.

ಇದು ಕೊಬ್ಬು ಕರಗಿಸುವುದಿಲ್ಲ. ಸ್ನಾಯುವಿನಲ್ಲಿ ನೀರು ಹಿಡಿದು ತಕ್ಕಡಿಯಲ್ಲಿ ಒಂದು ಕಿಲೋ ಏರಿಸುತ್ತದೆ. ಅದನ್ನು ನೋಡಿ ಗಾಬರಿಯಾಗಿ ಊಟವನ್ನೇ ಬಿಡುವವರಿದ್ದಾರೆ. ಆದ್ದರಿಂದ ಮೊದಲ ಮೂರು ತಿಂಗಳು ಬೇಡವೆಂಬುದೇ ನಮ್ಮ ಸಲಹೆ. ತೆಗೆದುಕೊಳ್ಳುವವರು ರಕ್ತ ಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳಿ, ಕಿಡ್ನಿಯ ಕೆಲಸ ನೋಡುವ ಕ್ರಿಯೇಟಿನಿನ್ ಅಂಕಿ ಇದರಿಂದಲೇ ಸ್ವಲ್ಪ ಏರಿ ಕಾಣಬಹುದು.

ಬಿಸಿಎಎ, ಎಲ್-ಕಾರ್ನಿಟಿನ್?

ಎರಡೂ ಬೇಡ. ದೇಹಕ್ಕೆ ಊಟದಿಂದ ಬೇಕೇಬೇಕಾದ, ಪ್ರೋಟೀನಿನ ತುಣುಕುಗಳಾದ ಒಂಬತ್ತು ಅಮೈನೋ ಆಮ್ಲಗಳಲ್ಲಿ ಬಿಸಿಎಎ ಕೊಡುವುದು ಮೂರನ್ನು, ಒಂದು ಮೊಟ್ಟೆ ಒಂಬತ್ತನ್ನೂ ಕೊಡುತ್ತದೆ. ಕೊಬ್ಬು ಕರಗಿಸಲೆಂದು ಮಾರುವ ಕಾರ್ನಿಟಿನ್ ನಮ್ಮ ದೇಹವೇ ತಯಾರಿಸುತ್ತದೆ, ಕುಡಿದದ್ದರಲ್ಲಿ ಐದರಲ್ಲಿ ಒಂದು ಪಾಲೂ ಒಳಗೆ ಹೋಗುವುದಿಲ್ಲ.

ಗಲ್ಫಿನಿಂದ ಭಾವ ತರುವ ಡಬ್ಬ, ಪೇಟೆಯ ಡಬ್ಬ: ಯಾವುದು ಅಸಲಿ ಎಂದು ಹೇಗೆ ಗೊತ್ತಾಗುತ್ತದೆ?

ಭಾವ ಸ್ವಂತಕ್ಕೆಂದು ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕಿಸಿ ತಂದರೆ ಸರಿ. ‘ಗಲ್ಫ್ ಮಾಲು’ ಎಂದು ಇಲ್ಲಿ ಮಾರುವವರ ಡಬ್ಬ ಬೇರೆ. ಆಮದು ಮಾಡಿ ಮಾರುವ ಡಬ್ಬದ ಮೇಲೆ ಭಾರತದ ಆಮದುದಾರರ ಹೆಸರು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇರಲೇಬೇಕು. ಅರಬಿ ಲೇಬಲ್ ಮಾತ್ರ ಇದ್ದರೆ ದೂರು ಕೊಡಲು ಯಾರನ್ನು ಹುಡುಕುತ್ತೀರಿ? ನಂಬರನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಹಾಕಿ ನೋಡಿ, ಹೆಸರು ತಾಳೆಯಾಗಬೇಕು. ಮುಚ್ಚಳದ ಒಳಗಿನ ಸೀಲ್, ಬ್ಯಾಚ್ ನಂಬರ್, ತಾರೀಕು ಅಳಿಸಿ ಬರೆದಂತಿದ್ದರೆ ಬಿಡಿ.

ನಂಬರ್ ಸರಿಯಿದ್ದರೂ ಒಳಗಿನದು ಸರಿಯಿರಬೇಕೆಂದಿಲ್ಲ. ಕೇರಳದ ವೈದ್ಯರ ನೇತೃತ್ವದಲ್ಲಿ ಭಾರತದ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 70 ಶೇಕಡಾ ಪುಡಿಗಳ ಪ್ರೋಟೀನ್ ಲೆಕ್ಕ ಲೇಬಲ್‌ಗೆ ಹೊಂದಲಿಲ್ಲ. ಕೆಲವದರಲ್ಲಿ ಬೂಷ್ಟಿನ (ಶಿಲೀಂಧ್ರದ) ವಿಷವೂ ಇತ್ತು. ಪ್ರೋಟೀನನ್ನು ಅಳೆಯುವುದು ಹೆಚ್ಚಾಗಿ ಸಾರಜನಕದ ಲೆಕ್ಕದಲ್ಲಿ. ಸಾರಜನಕವಿರುವ ಅಗ್ಗದ ಗ್ಲೈಸಿನ್, ಟಾರಿನ್ ಸುರಿದರೂ ಅಂಕಿ ಏರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇವು ಮೇಲಿನ ಸಾಲುಗಳಲ್ಲಿದ್ದರೆ ಆ ಡಬ್ಬ ಬೇಡ. ಬ್ಯಾಚ್ ಬ್ಯಾಚಿಗೂ ಹೊರಗಿನ ಲ್ಯಾಬಿನ ವರದಿ ತೋರಿಸುವವರಿಂದ ಕೊಳ್ಳಿ.

ವಿಟಮಿನ್ ಮಾತ್ರೆ?

ಪರೀಕ್ಷೆ ಮಾಡಿಸಿ, ಕೊರತೆ ಕಂಡರೆ ಮಾತ್ರ ತೆಗೆದುಕೊಳ್ಳಿ. ಸಸ್ಯಾಹಾರಿಗಳಲ್ಲಿ ಬಿ12, ಬಿಸಿಲು ಕಾಣದವರಲ್ಲಿ ಡಿ, ಹೆಂಗಸರಲ್ಲಿ ಕಬ್ಬಿಣಾಂಶ ಕಡಿಮೆ ಇರುವುದು ಸಾಮಾನ್ಯ. ಒಂದು ಎಚ್ಚರಿಕೆ: 60,000 ಯೂನಿಟ್‌ನ ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೊಂದು ಬರೆಯುವಂಥದ್ದು. ಚೀಟಿ ಸರಿಯಾಗಿ ಓದದೆ ದಿನಕ್ಕೊಂದರಂತೆ ತಿಂಗಳುಗಟ್ಟಲೆ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಹೊಡೆತ.

ಯಾರು ಡಾಕ್ಟರನ್ನು ಕೇಳದೆ ಏನನ್ನೂ ಮುಟ್ಟಬಾರದು?

ಕಿಡ್ನಿ, ಯಕೃತ್ತಿನ ತೊಂದರೆ ಇದ್ದವರು, ಗರ್ಭಿಣಿಯರು, ಮಗುವಿಗೆ ಹಾಲೂಡಿಸುವವರು, 18 ತುಂಬದವರು. ಬಿಪಿ, ಹೃದಯದ ಕಾಯಿಲೆ ಇದ್ದವರು ಪ್ರೀ ವರ್ಕೌಟ್ ಕಡೆ ತಲೆ ಹಾಕಲೇಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲಿರುವ ಸಕ್ಕರೆ ಕಾಯಿಲೆಯವರು ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚಿಸಿದರೆ ಸಕ್ಕರೆ ಇಳಿದು ತಲೆಸುತ್ತಿ ಬೀಳಬಹುದು, ಮದ್ದಿನ ಪ್ರಮಾಣ ಮೊದಲೇ ಸರಿಮಾಡಿಸಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಬೆನ್ನಿಗೇ ಪ್ರೋಟೀನ್ ಶೇಕ್ ಕುಡಿಯಬೇಡಿ.

ಬೆವರು ಧಾರೆ ಧಾರೆ ಹರಿಯುತ್ತದೆ. ಎಲೆಕ್ಟ್ರೋಲೈಟ್ ಪುಡಿ ಬೇಕಾ?

ಒಂದು ಗಂಟೆಯ ಜಿಮ್‌ಗೆ ನೀರು ಸಾಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಉಪ್ಪು ಹಾಕಿದ ನೀರು ಮಜ್ಜಿಗೆಯೋ ಒಂದು ಬೊಂಡವೋ (ಎಳನೀರು) ಕುಡಿಯಿರಿ. ಬೊಂಡದಲ್ಲೂ 50ರಷ್ಟು ಕ್ಯಾಲೊರಿ ಉಂಟು, ದಿನಕ್ಕೆ ಮೂರು ಬೇಡ. ಬೆವರು ಹೆಚ್ಚಾದರೆ ಕೊಬ್ಬು ಹೆಚ್ಚು ಕರಗುತ್ತದೆಂದು ಪ್ಲಾಸ್ಟಿಕ್ ಜಾಕೆಟ್ ಹಾಕುವುದು ಬರೀ ಭ್ರಮೆ. ಹೋದದ್ದು ನೀರು, ಕುಡಿದ ಕೂಡಲೇ ಬರುತ್ತದೆ.

ಎಲ್ಲ ಸರಿಯಾಗಿಯೇ ಮಾಡುತ್ತಿದ್ದೇನೆ, ಮೂರು ವಾರದಿಂದ ತೂಕ ನಿಂತಿದೆ. ಈಗಲಾದರೂ ಏನಾದರೂ ತೆಗೆದುಕೊಳ್ಳಲಾ?

ಮೊದಲು ನಿಂತದ್ದು ಹೌದಾ ನೋಡಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಏಳು ದಿನ ತೂಗಿ ಸರಾಸರಿ ತೆಗೆಯಿರಿ. ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟ ಅಳೆಯಿರಿ. ತೂಕ ನಿಂತು ಸೊಂಟ ಒಂದೂವರೆ ಸೆಂಟಿಮೀಟರ್ ಇಳಿದಿದ್ದರೆ ಕೊಬ್ಬು ಹೋಗುತ್ತಿದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ವಾರ ನೀರು ತುಂಬಿ ಒಂದೆರಡು ಕಿಲೋ ಏರುವುದುಂಟು, ತಿಂಗಳಿಂದ ತಿಂಗಳಿಗೆ ಹೋಲಿಸಿ.

ಸೊಂಟವೂ ಇಳಿಯದಿದ್ದರೆ ವಾರದ ಕೊನೆ ನೋಡಿ. ಸೋಮವಾರದಿಂದ ಶುಕ್ರವಾರ ತನಕ ದಿನಕ್ಕೆ 400 ಉಳಿಸಿದ್ದು 2,000 ಕ್ಯಾಲೊರಿ. ಶನಿವಾರ ರಾತ್ರಿ ಒಂದು ದೊಡ್ಡ ಪ್ಲೇಟ್ ಕುಯಿಮಂದಿ (ಮಾಂಸ ಹಾಕಿದ ಅನ್ನ), ಮಯೋನೈಸ್, ತಂಪು ಪಾನೀಯ, ಭಾನುವಾರ ಮದುವೆ ಊಟದ ಎರಡು ಬಡಿಸುವಿಕೆ ಪಾಯಸ: ಅಷ್ಟೂ ವಾಪಸ್. ಮದುವೆಗೆ ಹೋಗಬೇಡಿ ಎನ್ನುವುದಲ್ಲ, ಪಾಯಸ ಒಂದು ಸಲ ಸಾಕು. ಆಮೇಲೆ ಎಣ್ಣೆ ಅಳೆಯಿರಿ, ನಡಿಗೆಯನ್ನು ದಿನಕ್ಕೆ 2,000 ಹೆಜ್ಜೆ ಹೆಚ್ಚಿಸಿ, ಇನ್ನೂ ಎರಡು ವಾರ ನೋಡಿ. ಅದಕ್ಕೂ ಜಗ್ಗದೆ ಆಯಾಸ, ಚಳಿ, ಕೂದಲು ಉದುರುವುದು ಜತೆಗಿದ್ದರೆ ಡಬ್ಬಕ್ಕೆ ಇಟ್ಟ ಹಣದಲ್ಲಿ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ.